ಪಿತೃಪಕ್ಷದಲ್ಲೇ ಶುರು ಮಾಡಿದ ರೇಡಿಯೇಷನ್

ನಾಲಿಗೆ ಕ್ಯಾನ್ಸರ್ ಆಪರೇಷನ್ ಆದ ಮೇಲೆ ರೇಡಿಯೇಷನ್ ಬೇಕು ಅಂತ ಡಾಕ್ಟರ್ ಹೇಳಿದ್ದರೆ, ದಿನ ಎಣಿಸಬೇಕಾದ್ದು ಆಪರೇಷನ್ ಆದ ದಿನದಿಂದ. ತುಂಬಾ ಜನ ರಿಪೋರ್ಟ್ ಕೈಗೆ ಬಂದ ದಿನದಿಂದ ಎಣಿಸುತ್ತಾರೆ. ಕೆಲವರು ಮೈಗೆ ಸ್ವಲ್ಪ ಶಕ್ತಿ ಬಂತು ಅನ್ನಿಸಿದ ದಿನದಿಂದ ಎಣಿಸುತ್ತಾರೆ. ಅಷ್ಟರಲ್ಲಿ ಒಂದು ತಿಂಗಳು ಕಳೆದೇ ಹೋಗಿರುತ್ತದೆ. ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದು ನಮ್ಮ ಮನೆಯಲ್ಲಿ ಇದು ಹೇಗೆ ನಡೆಯಿತು ಅನ್ನುವುದು.

ನಮ್ಮದು ಹುಣಸೂರು. ನಮ್ಮನೆಯವರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್. ರಾತ್ರಿ ಡ್ಯೂಟಿಯಲ್ಲಿ ನಿದ್ದೆ ಬರಬಾರದು ಅಂತ ಶುರುವಾದ ಗುಟ್ಕಾ, ಹಗಲು ಡ್ಯೂಟಿಗೂ ಬಂತು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯ್ತು, ನಿಜ. ಆದರೆ ಅಂಗಡಿಯವರು ಪಾನ್ ಮಸಾಲ ಒಂದು ಪೊಟ್ಟಣ, ಹೊಗೆಸೊಪ್ಪಿನ ಪುಡಿ ಇನ್ನೊಂದು ಪೊಟ್ಟಣ ಅಂತ ಜೋಡಿ ಕೊಡುತ್ತಾರೆ, ತಗೊಂಡವರು ಬಾಯಲ್ಲಿ ಬೆರೆಸಿಕೊಳ್ಳುತ್ತಾರೆ. ಇದರ ಬಗ್ಗೆ ಬೈಯುತ್ತಾ ಕೂತರೆ ಇಡೀ ಬರಹ ಅದೇ ಆಗುತ್ತದೆ, ಬಿಡಿ. ನಾಲಿಗೆಯ ಎಡ ಅಂಚಿನಲ್ಲಿ ಹುಣ್ಣು ಬಂತು, ಮಾಯಲಿಲ್ಲ, ಚೂರು ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್ ಅಂದರು. 2023ರ ವರಮಹಾಲಕ್ಷ್ಮಿ ಹಬ್ಬ ಕಳೆದ ಮರುವಾರ, ಆಗಸ್ಟ್ ಕೊನೆಗೆ, ಬೆಂಗಳೂರಿನಲ್ಲಿ ಆಪರೇಷನ್ ಆಯ್ತು.

ನಾಲಿಗೆಯ ಎಡ ಅರ್ಧ ತೆಗೆದರು. ಕತ್ತಿನ ಎಡಗಡೆ ಗಂಟುಗಳನ್ನೂ, ಅಂದರೆ ಎಲ್ಲರ ಕತ್ತಿನಲ್ಲೂ ಇರುವ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್), ತೆಗೆದರು. ಊದಿಕೊಂಡು ಕೈಗೆ ಸಿಗುವಂಥ ಗಂಟು ಏನೂ ಇರಲಿಲ್ಲ. ಮತ್ತೆ ಯಾಕೆ ಅಲ್ಲಿ ಕೊಯ್ಯಬೇಕು ಅಂತ ನನ್ನ ತಮ್ಮ ಕೇಳಿದ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ತಂಡ ಇದನ್ನೇ ಪರೀಕ್ಷೆ ಮಾಡಿ ನೋಡಿದೆ, 2015ರಲ್ಲಿ ಪ್ರಕಟವಾಗಿದೆ ಅಂತ ಸರ್ಜನ್ ಹೇಳಿದರು. ಗಂಟು ಕಾಣಿಸದಿದ್ದರೂ ಮೊದಲೇ ತೆಗೆದವರಲ್ಲಿ 3 ವರ್ಷದ ನಂತರ ನೂರಕ್ಕೆ 80 ಜನ ಬದುಕಿದ್ದರು. ಗಂಟು ಕಾಣಿಸಿಕೊಂಡ ಮೇಲೆ ತೆಗೆಯೋಣ ಅಂತ ಕಾದವರಲ್ಲಿ ಅದು 67.5. ನಮ್ಮವರ ವಿಷಯದಲ್ಲೂ ಆ ಕಾಣದ ಗಂಟುಗಳಲ್ಲೇ ಕ್ಯಾನ್ಸರ್ ಸಿಕ್ಕಿತು.

ತೆಗೆದ ಅರ್ಧಕ್ಕೆ ಎಡ ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತೆಗೆದು ಹೊಲಿದರು. ಅದಕ್ಕೆ ಫ್ಲಾಪ್ ಅನ್ನುತ್ತಾರೆ. ಇವರ ಕೈಯಲ್ಲಿ ಕೂದಲು ಜಾಸ್ತಿ. ಕೆಲವು ವಾರ ಕಳೆದ ಮೇಲೆ ಬಾಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಹೊಸ ನಾಲಿಗೆ ಮೇಲೆ ಕಪ್ಪು ಕೂದಲು! ಆಗ ಇವರಿಗೆ ಮಾತಿಲ್ಲ, ಮೂಗಿನಲ್ಲಿ ಟ್ಯೂಬು. ಹೇಳಬೇಕಾದ್ದನ್ನೆಲ್ಲ ಹಳೇ ವೇಬಿಲ್, ಅಂದರೆ ಕಂಡಕ್ಟರ್ ಟಿಕೆಟ್ ಲೆಕ್ಕದ ಹಾಳೆ, ಅದರ ಹಿಂದೆ ಬರೆಯುತ್ತಿದ್ದರು. ಅವತ್ತು ಬರೆದದ್ದು: "ಇನ್ಮೇಲೆ ಕ್ಷೌರದವನಿಗೆ ಡಬಲ್ ಚಾರ್ಜು." ರೇಡಿಯೇಷನ್ ಕೊಟ್ಟರೆ ಆ ಕೂದಲು ಉದುರುತ್ತದೆ ಅಂತ ಡಾಕ್ಟರ್ ಹೇಳಿದರು, ಹಾಗೇ ಆಯ್ತು.

ಡಿಸ್ಚಾರ್ಜ್ ಆಗುವ ದಿನ ಸರ್ಜನ್ ಜೊತೆ ಇದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ ಅಮ್ಮ, ರಿಪೋರ್ಟ್ ಬಂದ್ಮೇಲೆ ರೇಡಿಯೇಷನ್ ಬೇಕೋ ಬೇಡ್ವೋ ಗೊತ್ತಾಗುತ್ತೆ. ಬೇಕಾದ್ರೆ ಆಪರೇಷನ್ ಆದ ದಿನದಿಂದ ಆರು ವಾರದೊಳಗೆ ಶುರು ಆಗಿರ್ಬೇಕು. ಬೇಕಾಗುತ್ತೆ ಅಂತಾನೇ ಇಟ್ಕೊಂಡು ಈಗಿಂದ್ಲೇ ಓಡಾಡಿ." ಆ ಹುಡುಗಿಗೆ ನಾನು ಇವತ್ತಿಗೂ ಋಣಿ. ಡಿಸ್ಚಾರ್ಜ್ ಸಮರಿಯಲ್ಲಿ ಮಾತ್ರ "ರಿಪೋರ್ಟ್ ಜೊತೆ ಬನ್ನಿ" ಅಂತ ಒಂದೇ ಸಾಲು ಇತ್ತು. ಅದನ್ನೇ ನಂಬಿದ್ದರೆ ಕಾಯುತ್ತಾ ಕೂರುತ್ತಿದ್ದೆವು.

ಆರು ವಾರ ಅನ್ನುವುದು ಅವರು ಸುಮ್ನೆ ಹೇಳಿದ್ದಲ್ಲ. ಅಮೆರಿಕದ ಕ್ಯಾನ್ಸರ್ ಡಾಕ್ಟರುಗಳು ಪಾಲಿಸುವ ಎನ್‌ಸಿಸಿಎನ್ ಮಾರ್ಗಸೂಚಿಯಲ್ಲೂ ಅಷ್ಟೇ ಇದೆ. ಕಾರಣವನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಆಪರೇಷನ್‌ನಲ್ಲಿ ಕಣ್ಣಿಗೆ ಕಾಣುವುದನ್ನೆಲ್ಲ ತೆಗೆಯುತ್ತಾರೆ. ಕಾಣದ ಕಣಗಳು ಎಲ್ಲಾದರೂ ಉಳಿದಿದ್ದರೆ ಅವು ನಮ್ಮ ರಿಪೋರ್ಟಿಗೆ, ನಮ್ಮ ಹಬ್ಬಕ್ಕೆ ಕಾಯುವುದಿಲ್ಲ, ಬೆಳೆಯುತ್ತಲೇ ಇರುತ್ತವೆ. ಅವು ಕಡಿಮೆ ಇದ್ದಾಗ ಸಾಕಾಗುತ್ತಿದ್ದ ಡೋಸು, ಜಾಸ್ತಿಯಾದ ಮೇಲೆ ಸಾಲದೇ ಹೋಗಬಹುದು. ಹಾಗಂತ ಮರುದಿನವೇ ಕೊಡುವ ಹಾಗೂ ಇಲ್ಲ. ಗಾಯ ಕೂಡುವ ಮೊದಲೇ ಕೊಟ್ಟರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಬಾಯಿಂದ ಕತ್ತಿಗೆ ತೂತು ಬಿದ್ದು ಜೊಲ್ಲು ಸೋರುವುದೂ ಉಂಟು. ಹಾಗಾಗಿ ಸಾಮಾನ್ಯವಾಗಿ ಮೂರು ನಾಲ್ಕು ವಾರ ಬಿಡುತ್ತಾರೆ. ನಾಲ್ಕರಿಂದ ಆರು. ಎಲ್ಲವೂ ಆ ಎರಡು ವಾರದ ಸಂದಿಯಲ್ಲಿ ಕೂಡಿ ಬರಬೇಕು.

ಶುರು ಮಾಡುವುದಕ್ಕೆ ಮಾತ್ರ ಅಲ್ಲ, ಮುಗಿಸುವುದಕ್ಕೂ ಲೆಕ್ಕ ಇದೆ ಅನ್ನುವುದು ಆಮೇಲೆ ಗೊತ್ತಾಯ್ತು. ಆಪರೇಷನ್ ದಿನದಿಂದ ರೇಡಿಯೇಷನ್ನಿನ ಕೊನೇ ದಿನದವರೆಗೆ ಒಟ್ಟು ಎಷ್ಟು ದಿನ ಆಯ್ತು ಅಂತಲೂ ನೋಡುತ್ತಾರೆ. ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಪಾಯ ಜಾಸ್ತಿ ಇದ್ದವರ ಪೈಕಿ 11 ವಾರದೊಳಗೆ ಎಲ್ಲ ಮುಗಿದವರಲ್ಲಿ ಕಾಯಿಲೆ ಚೆನ್ನಾಗಿ ಹಿಡಿತಕ್ಕೆ ಬಂದಿತ್ತು, 13 ವಾರ ದಾಟಿದವರಲ್ಲಿ ಕಡಿಮೆ. ಇನ್ನು ಕೆಲವರು 100 ದಿನ ಅಂತ ಗೆರೆ ಎಳೆಯುತ್ತಾರೆ. ಇದನ್ನು ಇವರಿಗೆ ಹೇಳಿದಾಗ ವೇಬಿಲ್ ಹಿಂದೆ ಬರೆದರು: "ಡಿಪೋ ಬಿಟ್ಟಲ್ಲಿಂದ ವಾಪಸ್ ಡಿಪೋ ಸೇರೋವರ್ಗೂ ಒಂದೇ ಶೆಡ್ಯೂಲ್. ಮಧ್ಯೆ ಟೀ ಕುಡಿದದ್ದೂ ಅದ್ರಲ್ಲೇ." ನಾನು ಎಷ್ಟೋ ಸಲ ಬೇರೆಯವರಿಗೆ ಇದನ್ನು ವಿವರಿಸಿದ್ದೇನೆ, ಇಷ್ಟು ಸರಿಯಾಗಿ ಹೇಳಲು ನನಗೆ ಬಂದಿಲ್ಲ.

ಮನೆಗೆ ಬಂದ ಮೇಲೆ ಅಡುಗೆಮನೆ ಬಾಗಿಲ ಹಿಂದಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇಳಿಸಿ, ಅಕ್ಟೋಬರ್ ಹಾಳೆಯಲ್ಲಿ ಆರು ವಾರ ತುಂಬುವ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಅಲ್ಲಿಂದ ಹಿಂದಕ್ಕೆ ಬಂದೆ. ಮೈಸೂರಿನ ರೇಡಿಯೇಷನ್ ವಿಭಾಗಕ್ಕೆ ಫೋನ್ ಮಾಡಿ ಕೇಳಿದ್ದೆ: ತಲೆ, ಕತ್ತು ಅಲ್ಲಾಡದ ಹಾಗೆ ಹಿಡಿಯುವ ಮಾಸ್ಕ್ ಮಾಡಿ, ಸಿ.ಟಿ. ಸ್ಕ್ಯಾನ್ ತೆಗೆದ ಮೇಲೆ ಮೆಷಿನ್ ಶುರುವಾಗಲು ಒಂದು ವಾರದಿಂದ ಹತ್ತು ದಿನ ಬೇಕು. ಆ ಸಿ.ಟಿ.ಯ ಒಂದೊಂದು ಚಿತ್ರದ ಮೇಲೂ ಡಾಕ್ಟರ್ ಕೂತು ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು ಅಂತ ಗೆರೆ ಎಳೆಯಬೇಕು. ಆಮೇಲೆ ಫಿಸಿಸಿಸ್ಟ್ ಕಂಪ್ಯೂಟರಿನಲ್ಲಿ ಪ್ಲಾನ್ ಮಾಡಬೇಕು, ಅದನ್ನು ಮೆಷಿನ್ ಮೇಲೆ ಪರೀಕ್ಷೆ ಮಾಡಬೇಕು. ಮಾಸ್ಕಿಗೆ ಮೊದಲು ಹಲ್ಲಿನ ಡಾಕ್ಟರ್ ಚೀಟಿ ಬೇಕು. ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ಕಾರ್ಡ್ ಮಾಡಿಸಿ, ಖರ್ಚಿನ ಮಂಜೂರಾತಿಗೆ ಕಾಗದ ಕೊಡಬೇಕು. ಹೀಗೆ ಹಿಂದಕ್ಕೆ ಬರುತ್ತಾ ಬರುತ್ತಾ ನಾನು ನಿಂತದ್ದು ಆಪರೇಷನ್ ಆಗಿ ಮೂರನೇ ವಾರಕ್ಕೆ. ಅಂದರೆ ಗೌರಿ ಹಬ್ಬಕ್ಕೆ. ಹೊಲಿಗೆ ಬಿಚ್ಚಿ ಇನ್ನೂ ಸರಿಯಾಗಿ ಒಣಗಿರಲಿಲ್ಲ!

ಹಲ್ಲಿನ ವಿಷಯ ಯಾರೂ ಅಷ್ಟು ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೇಡಿಯೇಷನ್ ಬಿದ್ದ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಅಲ್ಲಿಂದ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಹಾಗಾಗಿ ಹುಳುಕು ಹಲ್ಲು, ಅಲುಗಾಡುವ ಹಲ್ಲು ಇದ್ದರೆ ಮೊದಲೇ ಕೀಳುತ್ತಾರೆ. ಕಿತ್ತ ಮೇಲೆ ಆ ಗುಣಿ ತುಂಬಲು ಕಡಿಮೆ ಅಂದರೂ ಹತ್ತರಿಂದ ಹದಿನಾಲ್ಕು ದಿನ ಬಿಡಬೇಕು. ನಾಲ್ಕನೇ ವಾರದಲ್ಲಿ ಹೋಗಿ "ಮೂರು ಹಲ್ಲು ತೆಗೀಬೇಕು" ಅಂತ ಹೇಳಿಸಿಕೊಂಡರೆ ಆರು ವಾರ ಅಲ್ಲಿಗೇ ಮುಗಿಯಿತು. ನಮ್ಮ ಅದೃಷ್ಟ, ಸರ್ಜನ್ ಆಪರೇಷನ್ನಿಗೆ ಮೊದಲೇ ದವಡೆ ಪೂರ್ತಿ ಕಾಣುವ ಎಕ್ಸ್‌ರೇ ತೆಗೆಸಿ, ಕೆಟ್ಟ ದವಡೆ ಹಲ್ಲುಗಳನ್ನು ಅದೇ ಅನಸ್ತೇಷಿಯಾದಲ್ಲಿ ತೆಗೆಸಿಬಿಟ್ಟಿದ್ದರು. ಅದೊಂದು ಕೆಲಸದಿಂದ ನಮಗೆ ಉಳಿದ ದಿನಗಳು ಬೇರೆ ಯಾವುದರಿಂದಲೂ ಉಳಿಯಲಿಲ್ಲ. ನಿಮ್ಮ ಮನೆಯವರಿಗೆ ಇನ್ನೂ ಆಪರೇಷನ್ ಆಗಿಲ್ಲ ಅಂದರೆ ಇವತ್ತೇ ಈ ಮಾತು ಎತ್ತಿ.

ತಡ ಆಗಿದ್ದು ರಿಪೋರ್ಟಿನಲ್ಲಿ. ಆಪರೇಷನ್‌ನಲ್ಲಿ ತೆಗೆದದ್ದೆಲ್ಲ ಪೆಥಾಲಜಿ ಲ್ಯಾಬಿಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ. ದವಡೆ ಮೂಳೆಯನ್ನೂ ಕತ್ತರಿಸಿದ್ದರೆ, ಮೂಳೆಯನ್ನು ಆಸಿಡ್‌ನಲ್ಲಿ ನೆನೆಸಿ ಮೆತ್ತಗೆ ಮಾಡಿಯೇ ಕೊಯ್ದು ನೋಡಬೇಕು, ಇನ್ನೂ ಜಾಸ್ತಿ ದಿನ. ನಮ್ಮದರಲ್ಲಿ ಮೂಳೆ ಇರಲಿಲ್ಲ. ಆದರೂ ಫೋನ್ ಮಾಡಿದಾಗಲೆಲ್ಲ "ಸೈನ್ ಆಗ್ಬೇಕು ಮೇಡಂ" ಅನ್ನುವ ಒಂದೇ ಉತ್ತರ. ಕೊನೆಗೆ ಮಗ ಕಾಲೇಜಿಗೆ ರಜೆ ಹಾಕಿ ಬೆಂಗಳೂರಿಗೆ ಹೋಗಿ ಕೌಂಟರಿನ ಮುಂದೆ ನಿಂತ. ಸಂಜೆಯೊಳಗೆ ಸೈನ್ ಆಯ್ತು. ಅದೇ ಸಲ ಲ್ಯಾಬಿನ ಸ್ಲೈಡು, ಬ್ಲಾಕು (ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿಟ್ಟದ್ದು), ಆಪರೇಷನ್ ನೋಟ್ಸು, ಮೊದಲಿನ ಎಂ.ಆರ್.ಐ. ಸಿ.ಡಿ. ಎಲ್ಲವನ್ನೂ ಕೇಳಿ ಪಡೆದುಕೊಂಡು ಬಂದ. ಬುದ್ಧಿವಂತ. ಆಪರೇಷನ್ ಒಂದು ಊರಲ್ಲಿ, ರೇಡಿಯೇಷನ್ ಇನ್ನೊಂದು ಊರಲ್ಲಿ ಮಾಡಿಸುವವರಿಗೆ ತಡ ಆಗುವುದು ಜಾಸ್ತಿ ಅಂತ ಅಮೆರಿಕದ ಅಧ್ಯಯನಗಳೇ ಹೇಳುತ್ತವೆ. ಅಲ್ಲಿ ಕೂಡ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆರು ವಾರದೊಳಗೆ ಶುರುವಾಗುವುದಿಲ್ಲವಂತೆ. ಓದಿ ಸಮಾಧಾನ ಪಡಬೇಕೋ ಗಾಬರಿ ಪಡಬೇಕೋ ಗೊತ್ತಾಗಲಿಲ್ಲ. ಸರ್ಜನ್ ಕಡೆಯವರು "ಇನ್ನು ರೇಡಿಯೇಷನ್ ಡಾಕ್ಟರ್ ನೋಡ್ಕೋತಾರೆ" ಅನ್ನುತ್ತಾರೆ, ರೇಡಿಯೇಷನ್ ಕಡೆಯವರು "ಸರ್ಜನ್ ಹತ್ರ ಕಾಗದ ತನ್ನಿ" ಅನ್ನುತ್ತಾರೆ. ಇಬ್ಬರೂ ಒಳ್ಳೆಯವರೇ. ಮಧ್ಯದ ದಿನಗಳು ಮಾತ್ರ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ರಿಪೋರ್ಟ್ ಓದುವುದನ್ನು ರೇಡಿಯೇಷನ್ ಡಾಕ್ಟರ್ ನಿಧಾನವಾಗಿ ಹೇಳಿಕೊಟ್ಟರು. ಗಡ್ಡೆ 3 ಸೆಂಟಿಮೀಟರ್ ಅಗಲ, ಆಳ 9 ಮಿಲಿಮೀಟರ್. ಈಗ ಅಗಲಕ್ಕಿಂತ ಆಳಕ್ಕೆ ಬೆಲೆ ಜಾಸ್ತಿ ಅಂದರು. ಅಂಚು, ಅಂದರೆ ಮಾರ್ಜಿನ್, ಎಲ್ಲ ಕಡೆ 5 ಮಿಲಿಮೀಟರ್‌ಗಿಂತ ಜಾಸ್ತಿ, ಒಳ್ಳೆಯದು. ಗಡ್ಡೆ ನರದ ಸುತ್ತ ಹಬ್ಬಿದೆ, ಒಳ್ಳೆಯದಲ್ಲ. ಎರಡು ಗಂಟುಗಳಲ್ಲಿ ಕ್ಯಾನ್ಸರ್ ಇದೆ, ಆದರೆ ಗಂಟಿನ ಹೊದಿಕೆ ಒಡೆದು ಆಚೆ ಬಂದಿಲ್ಲ. "ಗಂಟು ಒಡೆದಿದ್ರೆ, ಇಲ್ಲಾ ಅಂಚಲ್ಲಿ ಕ್ಯಾನ್ಸರ್ ಉಳಿದಿದ್ರೆ ಜೊತೆಗೆ ಕೀಮೋನೂ ಕೊಡ್ತಿದ್ವಿ. ನಿಮಗೆ ಬರೀ ರೇಡಿಯೇಷನ್ ಸಾಕು. 30 ಸಿಟ್ಟಿಂಗ್, ದಿನಕ್ಕೆ 2 ಗ್ರೇ, ಒಟ್ಟು 60. ಸೋಮವಾರದಿಂದ ಶುಕ್ರವಾರ." ಗ್ರೇ ಅಂದರೆ ರೇಡಿಯೇಷನ್ ಡೋಸಿನ ಅಳತೆ. ಹಾಗೆ ಕೀಮೋ ಸೇರಿಸುವ ಪದ್ಧತಿ 2004ರಲ್ಲಿ ಯುರೋಪ್, ಅಮೆರಿಕದ ಎರಡು ಅಧ್ಯಯನಗಳು ಬಂದ ಮೇಲೆ ಗಟ್ಟಿಯಾದದ್ದು. ಗಡ್ಡೆ ಚಿಕ್ಕದಿದ್ದು, ಗಂಟಿನಲ್ಲಿ ಏನೂ ಇಲ್ಲದೆ, ಅಂಚು ಚೆನ್ನಾಗಿದ್ದರೆ ಎಷ್ಟೋ ಜನಕ್ಕೆ ಆಪರೇಷನ್ ಒಂದೇ ಸಾಕಾಗುತ್ತದೆ. ಹಾಗಾಗಿ ಪಕ್ಕದ ಮನೆಯವರಿಗೆ ಕೊಡಲಿಲ್ಲ, ನಮಗೆ ಯಾಕೆ ಅಂತ ಹೋಲಿಸಬೇಡಿ.

ಇನ್ನು ನಮ್ಮ ಅತ್ತೆ.

ಅತ್ತೆ ಕ್ಯಾಲೆಂಡರ್ ನೋಡುವ ರೀತಿಯೇ ಬೇರೆ. ನಾನು ಕೆಂಪು ಸುತ್ತು ಹಾಕಿದ್ದ ದಿನ ಪಿತೃಪಕ್ಷದ ಮಧ್ಯೆ ಬರುತ್ತಿತ್ತು. ಆ ವರ್ಷ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 14ಕ್ಕೆ. "ಪಕ್ಷದಲ್ಲಿ ಯಾರಾದ್ರೂ ಹೊಸದು ಶುರು ಮಾಡ್ತಾರಾ? ಅಮಾಸೆ ಕಳೀಲಿ, ನವರಾತ್ರಿಲಿ ತಾಯಿ ಚಾಮುಂಡಿ ಹೆಸ್ರು ಹೇಳಿ ಕೊಡ್ಸಿ" ಅಂದರು. ಅಲ್ಲಿಗೆ ಒಂದು ವಾರ ಮುಂದಕ್ಕೆ. ಬಂದು ಹೋಗುವವರೆಲ್ಲ ಅತ್ತೆಗೆ ಸಾಥ್. "ಅಷ್ಟು ದೊಡ್ಡ ಆಪರೇಷನ್ ಆಗಿದೆ, ಸ್ವಲ್ಪ ಮೈಗೆ ಹತ್ಲಿ, ಕರೆಂಟ್ ಎಲ್ಲಿಗೂ ಓಡಿಹೋಗಲ್ಲ" ಅಂತ ಒಬ್ಬರು, "ಕರೆಂಟ್ ಕೊಟ್ರೆ ಇರೋ ಶಕ್ತಿನೂ ಹೋಗುತ್ತೆ" ಅಂತ ಇನ್ನೊಬ್ಬರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಮೂಗಿನಲ್ಲಿ ಟ್ಯೂಬು ಹಾಕಿಕೊಂಡು, ತೋಳು ಬತ್ತಿಹೋಗಿ ಕೂತ ಮಗನನ್ನು ನೋಡಿದರೆ ಯಾವ ತಾಯಿ ತಾನೇ ನಾಳೆಯೇ ಕರ್ಕೊಂಡು ಹೋಗಿ ಅನ್ನುತ್ತಾಳೆ ಹೇಳಿ. ನಾನು ಸೊಸೆ, ನಾನು ಹೇಳಿದ್ದೆಲ್ಲ ಎದುರು ಮಾತಾಗುತ್ತಿತ್ತು. ಸುಮ್ಮನಾದೆ.

ಆಮೇಲೆ ಇವರೇ ಪೆನ್ನು ಕೇಳಿ ಪಡೆದು ಬರೆದರು. ಅತ್ತೆಗೆ ಓದಲು ಬರುವುದಿಲ್ಲ, ನಾನೇ ಗಟ್ಟಿಯಾಗಿ ಓದಿದೆ: "ಅವ್ವ, ಮುಂದಿನ ವರ್ಷ ಅಪ್ಪನಿಗೆ ಎಡೆ ಇಡೋಕೆ ನಾನಿರ್ಬೇಕೋ ಬೇಡ್ವೋ?" ಅತ್ತೆ ಏನೂ ಹೇಳಲಿಲ್ಲ. ಎದ್ದು ಹೋಗಿ ಒಲೆ ಮೇಲಿದ್ದ ರಾಗಿ ಗಂಜಿ ತಿರುವಿದರು. ಮಾರನೇ ದಿನ ಬೀದಿಯವರು ಯಾರೋ ಅಮಾವಾಸ್ಯೆ ಮಾತು ಎತ್ತಿದರೆ, "ಡಾಕ್ಟ್ರು ಹೇಳವ್ರೆ, ನಿಮಗೇನ್ ಗೊತ್ತು" ಅಂತ ಅವರೇ ಬಾಯಿ ಮುಚ್ಚಿಸಿದರು.

ಮಾಸ್ಕಿಗೆ ನಮಗೆ ಕೊಟ್ಟಿದ್ದ ದಿನ ಸೆಪ್ಟೆಂಬರ್ 29. ಕಾವೇರಿ ನೀರಿಗಾಗಿ ಕರ್ನಾಟಕ ಬಂದ್ ಅಂತ ಅದೇ ದಿನಕ್ಕೆ ಕರೆ ಬಂತು. 28 ಈದ್ ಮಿಲಾದ್ ರಜೆ. 30 ಶನಿವಾರ, 1 ಭಾನುವಾರ, 2 ಗಾಂಧಿ ಜಯಂತಿ. ಬಂದ್ ಮುಗಿದ ಮೇಲೆ ನೋಡೋಣ ಅಂತ ಬಿಟ್ಟರೆ ಸೀದಾ ಅಕ್ಟೋಬರ್ 3. ಅದಕ್ಕೆ ಹತ್ತು ದಿನ ಸೇರಿಸಿದರೆ ನನ್ನ ಕೆಂಪು ಸುತ್ತು ದಾಟುತ್ತದೆ. ಫೋನ್ ಮಾಡಿ, ನಮ್ಮ ಆಪರೇಷನ್ ಆದ ತಾರೀಖು ಹೇಳಿ, "27ಕ್ಕೆ ಎಲ್ಲಾದ್ರೂ ತೂರಿಸಿ ಸಾರ್" ಅಂದೆ. ಆ ತಾರೀಖು ಹೇಳಿದ್ದೇ ಕೆಲಸ ಮಾಡಿತು ಅಂತ ನನಗೆ ಅನ್ನಿಸುತ್ತದೆ. ಬೇಗ ಕೊಡಿ ಅಂತ ಎಲ್ಲರೂ ಕೇಳುತ್ತಾರೆ. ಐದನೇ ವಾರ ಶುರುವಾಗಿದೆ ಅಂತ ಹೇಳಿದರೆ ಆ ಕಡೆಯವರಿಗೆ ತಕ್ಷಣ ಅರ್ಥವಾಗುತ್ತದೆ.

ಮಾಸ್ಕ್ ಅಂದರೆ ಕೊರೋನಾ ಮಾಸ್ಕ್ ಅಲ್ಲ. ತೂತು ತೂತಾದ ಬಿಳಿ ಪ್ಲಾಸ್ಟಿಕ್ ಹಾಳೆ. ಬಿಸಿ ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆದರೆ ಒದ್ದೆ ಬಟ್ಟೆಯಂತೆ ಜೋಲುತ್ತದೆ. ಮಲಗಿಸಿ, ಹಣೆಯಿಂದ ಭುಜದವರೆಗೆ ಹೊದಿಸಿ, ಎರಡೂ ಕಡೆ ಎಳೆದು ಹಲಗೆಗೆ ಸಿಕ್ಕಿಸುತ್ತಾರೆ. ಮೂಗು, ಗಲ್ಲ, ಕತ್ತಿನ ಅಚ್ಚು ಹಾಗೇ ಬೀಳುತ್ತದೆ. ಕೆಲವೇ ನಿಮಿಷದಲ್ಲಿ ಗಟ್ಟಿ. ಪ್ರತಿದಿನ ಅದರೊಳಗೇ ಅಲ್ಲಾಡದೆ ಮಲಗಬೇಕು. ನಾನು ಗಾಜಿನ ಆಚೆ ನಿಂತು ನೋಡಿದೆ. ಹಿಂದಿನ ದಿನ ನೀಟಾಗಿ ಗಡ್ಡ ಬೋಳಿಸಿಕೊಂಡು ಬನ್ನಿ ಅಂದಿದ್ದರು, ಗಡ್ಡ ಇದ್ದು ಆಮೇಲೆ ತೆಗೆದರೆ ಮಾಸ್ಕ್ ಸಡಿಲ ಆಗುತ್ತದೆ. ಕತ್ತಿನ ಊತ ಇಳಿದರೂ ಅಷ್ಟೇ, ತೂಕ ಇಳಿದರೂ ಅಷ್ಟೇ. ತುಂಬಾ ಸಡಿಲ ಆದರೆ ಮತ್ತೆ ಮಾಸ್ಕ್, ಮತ್ತೆ ಸಿ.ಟಿ., ಮತ್ತೆ ಪ್ಲಾನ್. ಹಾಗಾಗಿ ಟ್ಯೂಬಿನಲ್ಲಿ ಗಂಜಿ, ಮೊಟ್ಟೆ, ಹಾಲು, ಪ್ರೋಟೀನ್ ಪುಡಿ ಯಾವುದನ್ನೂ ತಪ್ಪಿಸಲಿಲ್ಲ. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು, ಇಲ್ಲದಿದ್ದರೆ ಟ್ಯೂಬು ಕಟ್ಟಿಕೊಳ್ಳುತ್ತದೆ.

ಅಕ್ಟೋಬರ್ 9, ಸೋಮವಾರ ಶುರುವಾಯ್ತು. ಕೆಂಪು ಸುತ್ತಿನ ಒಳಗೇ.

ಹುಣಸೂರಿಂದ ಮೈಸೂರಿಗೆ ದಿನಾ ಬಸ್ಸು. ಇವರಿಗೆ ಡಿಪಾರ್ಟ್‌ಮೆಂಟ್ ಪಾಸು, ನನಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಆ ಜೂನ್‌ನಲ್ಲಷ್ಟೇ ಬಂದಿತ್ತು ಆ ಯೋಜನೆ. ಹೆಂಗಸರ ರಶ್ಶಿಗೆ ಬೈಯುತ್ತಾ ಶೂನ್ಯ ಟಿಕೆಟ್ ಹರಿದಿದ್ದ ಮನುಷ್ಯ, ಈಗ ನನ್ನ ಪಕ್ಕ ಕೂತು ಅದೇ ಟಿಕೆಟ್ ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೆಷಿನ್ ಮೇಲೆ ಇರುವುದು ಹತ್ತು ಹದಿನೈದು ನಿಮಿಷ. ನೋವಿಲ್ಲ, ಶಾಖ ಇಲ್ಲ. ಮೊದಲ ವಾರ ಇಷ್ಟೇನಾ ಅನ್ನಿಸಿತು.

ಮೂರನೇ ವಾರದಿಂದ ಗೊತ್ತಾಗುತ್ತದೆ. ಬಾಯಿ ತುಂಬ ಹುಣ್ಣು, ಜೊಲ್ಲು ಅಂಟಿನ ಹಾಗೆ, ಕತ್ತಿನ ಚರ್ಮ ಕಪ್ಪಾಗಿ ಸುಲಿಯುತ್ತದೆ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸುವುದು ಹಗಲೂ ರಾತ್ರಿ. ನೋವಿನ ಔಷಧಿ ಕೇಳಲು ಸಂಕೋಚ ಬೇಡ, ಕೇಳಿದರೆ ಕೊಡುತ್ತಾರೆ. "ಒಂದು ವಾರ ಬಿಟ್ಟು ಹುಣ್ಣು ಮಾಯ್ದ ಮೇಲೆ ಹೋಗೋಣ" ಅನ್ನಿಸುವುದು ಇದೇ ಹೊತ್ತಿಗೆ. ನಮ್ಮ ಜೊತೆ ಕೂರುತ್ತಿದ್ದ ಒಬ್ಬರು ಹಾಗೇ ಬಿಟ್ಟರು, ತಿರುಗಿ ಬರಲಿಲ್ಲ. ನಡುವೆ ನಿಲ್ಲಿಸಿದ ದಿನಗಳು ಶುರು ತಡವಾಗುವುದಕ್ಕಿಂತ ಕಮ್ಮಿ ನಷ್ಟ ಅಲ್ಲ. ಇಂಗ್ಲೆಂಡಿನ ನಿಯಮದಲ್ಲಂತೂ ಬಾಯಿ, ಗಂಟಲಿನ ಈ ಬಗೆಯ ಕ್ಯಾನ್ಸರ್‌ಗಳನ್ನು ಮೊದಲನೇ ಗುಂಪಿಗೆ ಹಾಕಿದ್ದಾರೆ: ಒಟ್ಟು ಕೋರ್ಸ್ ಎರಡು ದಿನಕ್ಕಿಂತ ಜಾಸ್ತಿ ಎಳೆಯಬಾರದು. ತಪ್ಪಿದ ದಿನವನ್ನು ಶನಿವಾರ ಕೊಟ್ಟೋ, ಒಂದೇ ದಿನ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಟ್ಟೋ ಸರಿದೂಗಿಸುತ್ತಾರೆ.

ನಮಗೆ ದಸರಾ ಬಂತು. 2023ರಲ್ಲಿ ಆಯುಧಪೂಜೆ ಸೋಮವಾರ, ವಿಜಯದಶಮಿ ಮಂಗಳವಾರ. ಶನಿವಾರ, ಭಾನುವಾರ ಸೇರಿ ನಾಲ್ಕು ದಿನ ಮೆಷಿನ್ ಇಲ್ಲ. ಶುಕ್ರವಾರವೇ ಪೂಜೆ ಮುಗಿಸಿದ್ದರು. ಅಷ್ಟು ಕೋಟಿ ಬೆಲೆಯ ಮೆಷಿನ್ನಿಗೆ ಚೆಂಡುಹೂವಿನ ಹಾರ, ಅರಿಶಿನ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ. ಟೆಕ್ನಿಷಿಯನ್ ಹುಡುಗ ಪೇಷಂಟುಗಳಿಗೂ ಕಡಲೆಪುರಿ ಹಂಚಿದ. ಇವರು ತಿನ್ನಲಾಗದೆ ನನ್ನ ಸೆರಗಿಗೆ ಸುರಿದರು. ನಾನು ಸೀದಾ ಡಾಕ್ಟರ್ ರೂಮಿಗೆ ಹೋಗಿ, ಈ ಎರಡು ದಿನದ ಬದಲು ಯಾವಾಗ ಅಂತ ಕೇಳಿದೆ. ಮುಂದಿನ ಶನಿವಾರ ಒಂದು, ರಾಜ್ಯೋತ್ಸವದ ವಾರದ ಶನಿವಾರ ಇನ್ನೊಂದು ಅಂತ ಬರೆದುಕೊಟ್ಟರು. ಕೇಳದಿದ್ದರೂ ಕೊಡುತ್ತಿದ್ದರೇನೋ. ಕೇಳುವುದರಿಂದ ನಷ್ಟ ಏನೂ ಇಲ್ಲವಲ್ಲ.

ದೀಪಾವಳಿ ಕಳೆದ ಮರುವಾರ ಮುಗಿಯಿತು. ಆಪರೇಷನ್ ದಿನದಿಂದ ಲೆಕ್ಕ ಹಾಕಿದರೆ 11 ವಾರ ದಾಟಿತ್ತು, 100 ದಿನದ ಒಳಗೇ ಇತ್ತು.

ಇದನ್ನು ಓದಿ ಯಾರೂ ಗಾಬರಿಯಾಗಬಾರದು ಅಂತ ಒಂದು ಮಾತು ಸೇರಿಸುತ್ತೇನೆ. ಏಳನೇ ವಾರ ಆಗಿಹೋಯ್ತು, ಎಂಟಾಯ್ತು, ಇನ್ನು ಕೊಡಿಸಿ ಪ್ರಯೋಜನ ಇಲ್ಲ ಅಂತ ಕೈಬಿಡುವವರಿದ್ದಾರೆ. ಹಾಗಲ್ಲ. ಆರು ವಾರ ಮುಗಿದ ಮಾರನೇ ದಿನ ಬಾಗಿಲು ಹಾಕುವುದಿಲ್ಲ. ತಡವಾದವರಲ್ಲಿ ಫಲಿತಾಂಶ ಕಡಿಮೆ ಬಂದಿರುವುದಕ್ಕೆ ತಡ ಒಂದೇ ಕಾರಣ ಅಂತಲೂ ಹೇಳಲು ಆಗುವುದಿಲ್ಲ. ಕಾಯಿಲೆ ಜಾಸ್ತಿ ಇದ್ದವರಿಗೆ, ಗಾಯ ಕೂಡದವರಿಗೆ, ಕೈಯಲ್ಲಿ ಕಾಸಿಲ್ಲದವರಿಗೆ ತಡವೂ ಜಾಸ್ತಿ ಆಗುತ್ತದೆ ಅಲ್ವಾ? ಹಾಗಂತ ಬೇಕಂತಲೇ ಒಂದಷ್ಟು ಜನಕ್ಕೆ ತಡ ಮಾಡಿ ಪರೀಕ್ಷೆ ಮಾಡಿ ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ. ಹೊಲಿಗೆ ಬಿಟ್ಟುಕೊಂಡಿದೆ, ಕೀವಾಗಿದೆ ಅಂತ ಡಾಕ್ಟರೇ ಕಾಯಿರಿ ಅಂದರೆ ಕಾಯಲೇಬೇಕು. ನನ್ನ ತಕರಾರು ಇರುವುದು ಕಾರಣ ಇಲ್ಲದೆ ಹೋಗುವ ದಿನಗಳ ಬಗ್ಗೆ: ಸೈನ್ ಆಗದ ರಿಪೋರ್ಟು, ಯಾರೂ ಬರೆಯದ ಹಲ್ಲಿನ ಚೀಟಿ, ನೆಂಟರ ಉಪದೇಶ.

ಈಗ ಇವರು ಡಿಪೋದಲ್ಲೇ ಕೂತು ಮಾಡುವ ಕೆಲಸದಲ್ಲಿದ್ದಾರೆ. ಮಾತು ಬಂದಿದೆ, ರ, ಲ, ಟ ಸ್ವಲ್ಪ ತೊಡರುತ್ತವೆ. "ರೈಟ್" ಅನ್ನಲು ಆಗುವುದಿಲ್ಲ, "ಹೋಲ್ಡಾನ್" ಪರವಾಗಿಲ್ಲ. ಇವರೇ ಹೇಳಿ ನಗುತ್ತಾರೆ, ಬಸ್ ನಿಲ್ಲಿಸಬಲ್ಲೆ, ಹೊರಡಿಸಲಾರೆ ಅಂತ. ಬಾಯಿ ಒಣಗುತ್ತದೆ, ನೀರಿನ ಬಾಟಲಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಬಾಯಿ ಬಿಗಿದುಕೊಳ್ಳದ ಹಾಗೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ವ್ಯಾಯಾಮ ಮಾಡುತ್ತಾರೆ, ಟಿ.ವಿ. ನೋಡುತ್ತಲೇ. ಮುದ್ದೆ ಚೆನ್ನಾಗಿ ಇಳಿಯುತ್ತದೆ, ಅಗಿಯುವ ಕೆಲಸ ಇಲ್ಲವಲ್ಲ. ಚಪಾತಿ ಆಗುವುದಿಲ್ಲ.

ಮೊನ್ನೆ ಪಿರಿಯಾಪಟ್ಟಣದಿಂದ ಇವರ ಡಿಪೋದವರ ಅಕ್ಕ ಫೋನ್ ಮಾಡಿದ್ದರು. ಗಂಡನಿಗೆ ನಾಲಿಗೆ ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ, ಏನು ತಿನ್ನಿಸಲಿ ಅಂತ ಕೇಳಿದರು. ಅದನ್ನು ಆಮೇಲೆ ಹೇಳ್ತೀನಿ ಅಕ್ಕ, ಮೊದಲು ಆಪರೇಷನ್ ಯಾವತ್ತು ಆಯ್ತು ಹೇಳಿ ಅಂದೆ. ಮೂರನೇ ವಾರ ನಡೆಯುತ್ತಿದೆ. ರಿಪೋರ್ಟ್ ಬಂದಿಲ್ಲ, ಹಲ್ಲು ತೋರಿಸಿಲ್ಲ, ರೇಡಿಯೇಷನ್ ಎಲ್ಲಿ ಅಂತ ಇನ್ನೂ ಗೊತ್ತಿಲ್ಲ. ಹಲ್ಲಿನ ಡಾಕ್ಟರ್ ಹತ್ತಿರ ನಾಳೆ ಬೆಳಿಗ್ಗೆಯೇ ಹೋಗಿ ಅಂದಿದ್ದೇನೆ. ರಿಪೋರ್ಟಿಗೆ ಅವರ ಮಗ ಹೊರಟಿದ್ದಾನೆ, ಬರುವಾಗ ಸ್ಲೈಡು, ಬ್ಲಾಕು ಮರೆಯಬೇಡ ಅಂತ ನಮ್ಮ ಹುಡುಗ ಅವನಿಗೆ ಮೆಸೇಜ್ ಹಾಕಿದ್ದಾನೆ.